ಜೂರಾಕಾನ್ ಅಕ್ಕನವರ ಮೊದಲ ನಾಣ್ಯ

ಚೂ ನದಿಯ ಬಯಲಿನಲ್ಲಿ ಸಿಗುವ ಹಳೆಯ ನಾಣ್ಯಗಳ ಬಗ್ಗೆ ಇಂದು ಯಾರೇ ಒಂದು ಮಾತು ಬರೆಯಲು ಕುಳಿತರೂ, ಬರೆಯುವ ಮುನ್ನ ತೊಕ್ಮೊಕ್ ಪಟ್ಟಣದ ನಮ್ಮ ಪುಟ್ಟ ವಸ್ತುಸಂಗ್ರಹಾಲಯದ ಬಾಗಿಲನ್ನು ಒಮ್ಮೆಯಾದರೂ ತಟ್ಟಿರುತ್ತಾರೆ. ತಟ್ಟಿದವರಿಗೆ ಬಾಗಿಲು ತೆರೆದು, ಚಹಾ ಕೊಟ್ಟು, ಕೇಳಿದ್ದನ್ನೂ ಕೇಳದೆ ಇದ್ದದ್ದನ್ನೂ ತಿಳಿಸಿ ಕಳುಹಿಸಿದವರು ನಾಣ್ಯಪಾಲಕಿ ಶ್ರೀಮತಿ ಜೂರಾಕಾನ್ ಸಾತಿಬಾಲ್ದಿಯೇವಾ ಅವರು. ರಾಜಧಾನಿಯ ವಿದ್ವಾಂಸರು ತಮ್ಮ ಗ್ರಂಥಗಳ ಅಡಿಟಿಪ್ಪಣಿಗಳಲ್ಲಿ ಅವರನ್ನು ನೆನೆದಿದ್ದಾರೆ. ಅಡಿಟಿಪ್ಪಣಿಯಲ್ಲಿ ಮಾತ್ರ ನೆನೆದಿದ್ದಾರಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ. ಅಕ್ಕನವರಿಗೆ ಅದಿಲ್ಲ. ಎಪ್ಪತ್ತರ ಹೊಸ್ತಿಲಲ್ಲಿ ಅವರು ನಿವೃತ್ತರಾದ ಈ ಹೊತ್ತಿನಲ್ಲಿ ಅವರ ಬಗ್ಗೆ ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದಿದೆ.

ಅಕ್ಕನವರ ಅಭಿನಂದನ ಗ್ರಂಥದ ಸಂಪಾದಕ ಮಂಡಳಿಯವರು ಎಲ್ಲ ಲೇಖಕರಿಗೂ ಒಂದೇ ಪ್ರಶ್ನೆ ಕೊಟ್ಟಿದ್ದಾರೆ: ನಿಮಗೆ ನಾಣ್ಯಗಳ ಹುಚ್ಚು ಮೊದಲು ಹಿಡಿದದ್ದು ಹೇಗೆ? ಉತ್ತರಗಳನ್ನು ಓದಿ ನನಗೆ ನಗುವೂ ಬಂತು. ಬೇಕರಿಯ ಮನಾಸ್‌ಬೆಕ್, ಚಳಿಗಾಲದಲ್ಲಿ ಊರಿಗೆಲ್ಲ ನಮ್ಮ ಸಂಗ್ರಹಾಲಯದ ಒಲೆಯೊಂದೇ ಉರಿಯುತ್ತಿತ್ತು, ಬೆಚ್ಚಗೆ ಕೂರಲು ಹೋದವನು ಅಲ್ಲೇ ಉಳಿದೆ ಎಂದು ಬರೆದಿದ್ದಾನೆ. ನೀನಾ ಪೆತ್ರೋವ್ನಾ ಅವರು, ಗಂಡ ತೀರಿಕೊಂಡ ಮೇಲೆ ಅವರ ಕೋಟಿನ ಜೇಬಿನಲ್ಲಿ ಯಾವುದೋ ದೇಶದ ಬಿಲ್ಲೆ ಸಿಕ್ಕಿತೆಂದೂ, ಇದು ಇವರ ಜೇಬಿಗೆ ಹೇಗೆ ಬಂತು ಎಂದು ಹುಡುಕುತ್ತ ಹುಡುಕುತ್ತ ಹದಿನೈದು ವರ್ಷ ಕಳೆದವೆಂದೂ ಬರೆದಿದ್ದಾರೆ. ಇತಿಹಾಸದ ಮೇಲಿನ ಒಲವು, ಕಲೆಯ ಮೇಲಿನ ಪ್ರೀತಿ ಎಂದೆಲ್ಲ ಒಬ್ಬರೂ ಬರೆದಿಲ್ಲ. ಅಕ್ಕನವರಿಗೆ ಹಿಡಿದದ್ದು ಹೇಗೆಂಬುದನ್ನು ಬರೆಯುವ ಕೆಲಸ ನನಗೆ ಬಂತು. ಅದು ಯಾರಿಗೂ ಗೊತ್ತಿರಲಿಲ್ಲ. ಈ ವಸಂತದವರೆಗೆ ನನಗೂ ಗೊತ್ತಿರಲಿಲ್ಲ.

ಮೊದಲು ನನ್ನ ಕಥೆ ಹೇಳಿ ಮುಗಿಸುತ್ತೇನೆ. ಸೋವಿಯತ್ ಕಾಲ ಮುಗಿದು ಸಾಮೂಹಿಕ ಬೇಸಾಯ ಕುಸಿದುಬಿದ್ದ ಮೂರನೆಯ ಚಳಿಗಾಲ. ಸಕ್ಕರೆ ಬೀಟಿನ ಲಾರಿ ಓಡಿಸುತ್ತಿದ್ದ ನನ್ನ ಬಳಿ ಲಾರಿಯೂ ಇರಲಿಲ್ಲ, ಬೀಟೂ ಇರಲಿಲ್ಲ. ಹೊಲದಲ್ಲಿ ಬೂಟಿನ ಕೆಸರಿಗೆ ಅಂಟಿಕೊಂಡು ಬಂದ, ನಡುವೆ ಚೌಕ ತೂತಿರುವ ತಾಮ್ರದ ಬಿಲ್ಲೆಯೊಂದನ್ನು ಮಾರಿಬಿಡೋಣವೆಂದು ಕುದುರೆಯೇರಿ ಸಂಗ್ರಹಾಲಯಕ್ಕೆ ಹೋದೆ.

"ಕೊಳ್ತೀರಾ ಇಲ್ವಾ ಬೇಗ ಹೇಳಿ, ಹೊರಗೆ ಕುದುರೆ ನಿಂತಿದೆ" ಎಂದೆ.

"ನಿಂತಿರ್ಲಿ ಬಿಡು, ಅದಕ್ಕೆ ನಿನ್ನಷ್ಟು ಅವಸರ ಇಲ್ಲ" ಎಂದರು ಅಕ್ಕನವರು. ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿದರು. ಮೇಜಿನ ಡ್ರಾಯರ್‌ನಿಂದ ಅದೇ ಬಗೆಯ ಇನ್ನೊಂದು ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿಟ್ಟರು. "ತಗೋ, ಮುಖ ನೋಡಿದ ಕಾಣಿಕೆ."

"ನಾನೇನು ಎಳೆ ಮಗುನಾ ಅಕ್ಕಾ?"

"ಈ ಬಾಗಿಲಿಗೆ ಹೊಸಬ ತಾನೇ? ಹಂಗಾದ್ರೆ ಎಳೆ ಮಗುನೇ. ಮೀಸೆ ಬಂದಿರೋ ಎಳೆ ಮಗು. ಕೂತ್ಕೋ, ಚಹಾ ಕುಡಿ."

ಹುಟ್ಟಿದ ಮಗುವಿನ ಮುಖವನ್ನೋ ಹೊಸ ಸೊಸೆಯ ಮುಖವನ್ನೋ ಮೊದಲ ಸಲ ನೋಡಿದವರು ಬರಿಗೈಯಲ್ಲಿ ನೋಡುವಂತಿಲ್ಲ. ಒಂದು ನಾಣ್ಯವನ್ನಾದರೂ ಕೊಡಬೇಕು. ನಾವು ಅದನ್ನು ಕೋರುಂದುಕ್ ಎನ್ನುತ್ತೇವೆ. ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ, ಮಾರುವಂತಿಲ್ಲ, ತಂದವರು ವಾಪಸ್ಸು ಒಯ್ಯುವಂತೆಯೂ ಇಲ್ಲ. ಅಕ್ಕನವರು ತಮ್ಮ ಬಾಗಿಲಿಗೆ ಬಂದ ಪ್ರತಿ ಹೊಸ ಮುಖಕ್ಕೂ, ಅದು ಶಾಲೆಯ ಮಗುವಿರಲಿ, ಲಾರಿ ಚಾಲಕನಿರಲಿ, ತಪಾಸಣೆಗೆ ಬಂದ ಅಧಿಕಾರಿಯಿರಲಿ, ಒಂದೊಂದು ನಾಣ್ಯ ಕೊಟ್ಟರು. ಅವೆಲ್ಲ ಬಯಲಿನಲ್ಲಿ ಹೇರಳವಾಗಿ ಸಿಗುವ ಸವೆದ ಬಿಲ್ಲೆಗಳು, ಅವರು ಭಾನುವಾರಗಳಲ್ಲಿ ಹೊಲ ಸುತ್ತಿ ಆರಿಸಿ ತಂದವು. ಮಾರಲು ಹೋದ ನಾನು ಹೀಗೆ ಸಿಕ್ಕಿಬಿದ್ದೆ. ಕಾಣಿಕೆಯಾಗಿ ಬಂದದ್ದನ್ನು ಮಾರುವಂತಿಲ್ಲ. ಅದು ಜೇಬಿನಲ್ಲಿರುವಾಗ ಇನ್ನೊಂದನ್ನು ಮಾರಲು ನಾಚಿಕೆ. ಎರಡನ್ನೂ ಮನೆಗೆ ತಂದು ದೀಪದ ಬೆಳಕಿನಲ್ಲಿ ಹೊರಳಿಸಿದೆ. ಎರಡರ ಮೇಲೂ ಒಂದೇ ಬರಹ, ಆದರೆ ಒಂದರಲ್ಲಿ ಬಾಲವಿರುವ ಅಕ್ಷರ ಇನ್ನೊಂದರಲ್ಲಿ ಬೋಳು. ಯಾಕೆ ಹಾಗೆ ಎಂದು ಕೇಳಲು ಮರುವಾರ ಹೋದವನು ಇಂದಿಗೂ ಹೋಗುತ್ತಿದ್ದೇನೆ.

ಸಂಬಳ ಬಾರದ ಆ ವರ್ಷಗಳಲ್ಲಿ ಅಕ್ಕನವರು ಮನೆಯಿಂದ ಬೆರಣಿ ಹೊತ್ತು ತಂದು ಸಂಗ್ರಹಾಲಯದ ಒಲೆ ಉರಿಸಿದರು. ಶನಿವಾರ ನಾಣ್ಯ ನೋಡಲು ಬರುವ ಮಕ್ಕಳಿಗೆಂದು ತಮ್ಮ ಪಾಲಿನ ಹಿಟ್ಟಿನಲ್ಲಿ ಬೊರ್ಸೋಕ್ ಕರಿದು ತಂದರು. ನನ್ನನ್ನು ಒಲೆ ನೋಡಿಕೊಳ್ಳುವ ಆಳೆಂದು ನೇಮಿಸಿಕೊಂಡು, ಒಲೆಗಿಂತ ಹೆಚ್ಚಾಗಿ ಆ ಬಿಲ್ಲೆಗಳ ಮೇಲಿನ ಹಳೆಯ ಸೊಗ್ದ್ ಲಿಪಿಯನ್ನೇ ಕಲಿಸಿದರು. ನನ್ನ ತಾಯಿ ಕಾಯಿಲೆ ಮಲಗಿದಾಗ ತಮ್ಮ ಒಂದೇ ಹಸುವಿನ ಹಾಲನ್ನು ತಿಂಗಳುಗಟ್ಟಲೆ ನಮ್ಮ ಮನೆಗೆ ಕಳುಹಿಸಿದ್ದನ್ನು ನಾನು ಹೇಳಿದರೆ ಅವರಿಗೆ ಕೋಪ ಬರುತ್ತದೆ. ಬರಲಿ.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾವ ನಾಣ್ಯವನ್ನೇ ತೋರಿಸಲಿ, ರಾಜನ ಹೆಸರು ಹೇಳುವ ಮೊದಲು ಕೊಟ್ಟವರ ಹೆಸರು ಹೇಳಬೇಕು. "ಇದು ತರಕಾರಿ ಮಾರೋ ದುಂಗಾನ್ ಪಂಗಡದ ಹೆಂಗಸು ಸೋಫಿಯಾ ಕೊಟ್ಟಿದ್ದು, ಮೂಲಂಗಿ ಕೀಳ್ತಾ ಸಿಕ್ತಂತೆ. ಇದು ಬಾವಿ ತೋಡೋ ಅಬ್ದಿಲ್ದಾ ಕೊಟ್ಟಿದ್ದು, ಪಾಪ, ಕಾಲು ಮುರ್ಕೊಂಡ. ಹ್ಞಾಂ, ಇನ್ನು ರಾಜ ಯಾರು ನೋಡೋಣ" ಎನ್ನುತ್ತಿದ್ದರು. ಕೊಟ್ಟವರು ಯಾರೆಂದು ತಿಳಿಯದವನ್ನು ಹಿಂದಿನ ಕೋಣೆಯ ಪೆಟ್ಟಿಗೆಗೆ ಹಾಕುವುದು ನಮ್ಮ ಪದ್ಧತಿ. ಪೆಟ್ಟಿಗೆಗೆ ಹೋದ ನಾಣ್ಯವನ್ನು ಮತ್ತೆ ಯಾರೂ ತೆಗೆದು ನೋಡುವುದಿಲ್ಲ.

ಒಂದು ನಾಣ್ಯ ಮಾತ್ರ ಇದಕ್ಕೆ ಹೊರತಾಗಿತ್ತು. ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ, ಮಿಕ್ಕವುಗಳಂತೆಯೇ ಇದ್ದ ಚೌಕ ತೂತಿನ ಬಿಲ್ಲೆ. ಮಕ್ಕಳು ಕೊಟ್ಟವರ ಹೆಸರು ಕೇಳಿದರೆ, "ಅದು ಒಬ್ಬರಿಗೆ ಅಂತ ಬಂದಿದ್ದು" ಎಂದು ಮುಂದೆ ಸಾಗುತ್ತಿದ್ದರು. ತಪಾಸಣೆಯವರು ಗದರಿದರೂ ಅಷ್ಟೇ ಉತ್ತರ. ಅಕ್ಕನವರ ಗಂಡ, ಟ್ರಾಕ್ಟರ್ ಚಾಲಕ ಮುಕಾಶ್ ಅವರು ಸಂಜೆ ಹೆಂಡತಿಯನ್ನು ಕರೆದೊಯ್ಯಲು ಬಂದಾಗ ಆ ಗಾಜಿನ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದರು. ಅವರು ತೀರಿಕೊಂಡು ಐದು ವರ್ಷಗಳಾದವು. ಆ ದಂಪತಿಗೆ ಮಕ್ಕಳಿರಲಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು.

ಈ ಲೇಖನಕ್ಕಾಗಿ ವಸಂತದಲ್ಲಿ ಅವರ ಮನೆಗೆ ಹೋಗಿ, ನಿಮ್ಮ ಮೊದಲ ನಾಣ್ಯ ಯಾವುದು ಅಕ್ಕಾ ಎಂದು ಕೇಳಿದೆ. ಚಹಾ ಕಾಸುವ ಸಮೋವಾರದ ನಲ್ಲಿಯನ್ನು ಒರೆಸುತ್ತ ಹೇಳಿದರು.

ಅಕ್ಕನವರು ಆಗ ಇಪ್ಪತ್ತನಾಲ್ಕರ ಹರೆಯದವರು, ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ. ಚೊಚ್ಚಲ ಹೆರಿಗೆ. ಆ ಕಾಲದ ಹೆರಿಗೆಮನೆಗಳಿಗೆ ಬಂಧುಗಳನ್ನು ಬಿಡುತ್ತಿರಲಿಲ್ಲ; ಗಂಡಂದಿರು ಬೀದಿಯಲ್ಲಿ ನಿಂತು ಕಿಟಕಿಯತ್ತ ಕೂಗಬೇಕಿತ್ತು. ಹೆಣ್ಣು ಮಗು ಎಂದರು ದಾದಿಯರು. ಒಮ್ಮೆ ಅತ್ತದ್ದು ಕೇಳಿಸಿತು. ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ದರು. ಬೆಳಿಗ್ಗೆ ಬಂದು, ಇಲ್ಲ ಎಂದರು. ಮುಖ ತೋರಿಸಿ ಎಂದು ಕೇಳಿದ್ದಕ್ಕೆ, ನೋಡಿದರೆ ನಿನಗೇ ಕಷ್ಟ, ಚಿಕ್ಕ ವಯಸ್ಸು, ಇನ್ನೊಂದು ಆಗುತ್ತದೆ ಎಂದರಂತೆ. ಎಲ್ಲಿ ಮಣ್ಣು ಮಾಡಿದರೆಂದೂ ಹೇಳಲಿಲ್ಲ. ಇನ್ನೊಂದು ಆಗಲಿಲ್ಲ. ಎದೆಗೆ ಬಟ್ಟೆ ಬಿಗಿದುಕೊಂಡು ಬರಿಗೈಯಲ್ಲಿ ಮನೆಗೆ ಬಂದರು.

ಅವರ ಮಾವ ಇಮಾನ್‌ಕುಲ್ ಅಜ್ಜ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಕುರಿ ಕಾಯುತ್ತಿದ್ದರು. ಮೊಮ್ಮಗಳು ಹುಟ್ಟಿದ ಸುದ್ದಿ ಅವರಿಗೆ ಮುಟ್ಟಿತ್ತು, ಹೋದ ಸುದ್ದಿ ಮುಟ್ಟಿರಲಿಲ್ಲ. ನೆಲದ ಅಳಿಲು ಬಿಲದಿಂದ ಕೆದರಿ ಹಾಕಿದ ಮಣ್ಣಿನಲ್ಲಿ ಎಂದೋ ಸಿಕ್ಕಿದ್ದ ಬಿಲ್ಲೆಯನ್ನು ಬೂದಿಯಲ್ಲಿ ತಿಕ್ಕಿ, ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು, ಕುದುರೆಯ ಮೇಲೆ ಹಾಡಿಕೊಳ್ಳುತ್ತ ಇಳಿದು ಬಂದರು. ಬಾಗಿಲಲ್ಲಿ ಸೊಸೆಯನ್ನು ನೋಡಿದ ಕೂಡಲೇ ಅವರಿಗೆ ತಿಳಿದುಹೋಯಿತು.

"ನೀನಾದ್ರೂ ಮುಖ ನೋಡಿದ್ಯೇನಮ್ಮ?" ಎಂದು ಕೇಳಿದರಂತೆ.

"ಇಲ್ಲ ಮಾವ."

ಅಜ್ಜ ಕುದುರೆಯ ಕುತ್ತಿಗೆಗೆ ಹಣೆ ಆನಿಸಿಕೊಂಡು ನಿಂತರು. ಆಮೇಲೆ ಗಂಟು ಬಿಚ್ಚಿದರು. "ಅವಳಿಗೆ ಅಂತ ತಂದಿದ್ದು. ನಾನು ವಾಪಸ್ ತಗೊಂಡು ಹೋಗೋ ಹಂಗಿಲ್ಲ. ನಿನ್ನ ಹತ್ರ ಇಟ್ಕೋ ಮಗಳೇ" ಎಂದು ಸೊಸೆಯ ಕೈಯಲ್ಲಿಟ್ಟರು. ದಾರಿಯುದ್ದಕ್ಕೂ ಮೊಮ್ಮಗಳಿಗೆಂದು ಒಂದು ಹೆಸರು ಯೋಚಿಸಿಕೊಂಡು ಬಂದಿದ್ದರು. ಅದನ್ನೂ ಸೊಸೆಯ ಕಿವಿಯಲ್ಲಿ ಹೇಳಿದರು. ಮಗುವಿನ ಕಿವಿಯಲ್ಲಿ ಕೂಗದ ಹೆಸರು ಹೆಸರೇ ಅಲ್ಲ ಎಂದು ಮನೆಯ ಹಿರಿಯ ಹೆಂಗಸರು ಹೇಳಿದ್ದರಿಂದ ಅಕ್ಕನವರು ಅದನ್ನು ಬಾಯಿಬಿಟ್ಟು ಆಡಲಿಲ್ಲ. ನನಗೂ ಹೇಳಲಿಲ್ಲ.

"ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಿದ್ದೆ ಕಣೋ ಎಸೆನ್" ಎಂದರು ನನಗೆ. "ಕೈಯಲ್ಲಿ ಅದೊಂದೇ. ಅದರ ಮೇಲೆ ಏನೋ ಬರ್ದಿತ್ತಲ್ಲ, ಬೆರಳಿಗೆ ತಾಗೋದು. ನನ್ನ ಮಗಳದು, ಏನು ಬರ್ದಿದೆ ಅಂತ ನಂಗೇ ಗೊತ್ತಿಲ್ವಲ್ಲ ಅನ್ನಿಸ್ತು. ಅದಕ್ಕೇ ಎದ್ದೆ. ಇಲ್ದಿದ್ರೆ ಏಳ್ತಾ ಇರ್ಲಿಲ್ಲ."

ಎದ್ದು ಸಂಗ್ರಹಾಲಯಕ್ಕೆ ಹೋದರು. ಅಂದಿನ ನಾಣ್ಯಪಾಲಕರು ಗೆನ್ರಿಖ್ ಕಾರ್ಲೊವಿಚ್, ಯುದ್ಧಕಾಲದಲ್ಲಿ ನಮ್ಮ ಬಯಲಿಗೆ ಗಡೀಪಾರಾಗಿ ಬಂದ ಜರ್ಮನ್ ಮುದುಕರು, ಕಿವಿ ಮಂದ. ಹಳೆಗಾಲದ ತುರ್ಗೇಶ್ ರಾಜನ, ಅಂದರೆ ಖಾಗನನ ನಾಣ್ಯ ಎಂದು ಓದಿ ಹೇಳಿ, ಯಾರದಿದು ಎಂದು ಕೇಳಿದರು. ನನ್ನ ಮಗಳದು ಎಂದರು ಅಕ್ಕನವರು. ಮಗಳೆಲ್ಲಿ ಎಂದು ಅವರು ಕೇಳಿದರು. ಕಿವಿ ಕೇಳಿಸದವರಿಗೆ ಅದನ್ನು ಕೂಗಿ ಹೇಳಬೇಕಾಯಿತಂತೆ. ಅಷ್ಟು ಜೋರಾಗಿ ಹೇಳಿದ ಮೇಲೆಯೇ ಮೊದಲ ಸಲ ಅಳು ಬಂತಂತೆ. ಮುದುಕರು ಚಹಾ ಕಾಸಿದರು. ಒಂದು ತಟ್ಟೆ ಮಣ್ಣು ಹಿಡಿದ ಬಿಲ್ಲೆಗಳನ್ನೂ ಮೆತ್ತನೆಯ ಬ್ರಷ್ಷನ್ನೂ ಮುಂದಿಟ್ಟು, "ನಾಳೆಯೂ ಬಾ, ಇವು ತುಂಬ ಇವೆ" ಎಂದರು. ನಮ್ಮ ವಲಯದಲ್ಲಿ ಹೆಸರಾದ ವಿದ್ವತ್ತೊಂದು ಶುರುವಾದದ್ದು ಹೀಗೆ. ಇದನ್ನು ಆಸಕ್ತಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ, ಆದರೆ ಬೇರೆ ಪದವೂ ಗೊತ್ತಿಲ್ಲ.

"ಬರಿ, ಅಡ್ಡಿಯಿಲ್ಲ. ಗೋಳುಗರೀಬೇಡ ಅಷ್ಟೇ, ನಿಂಗೆ ಆ ಚಟ ಇದೆ" ಎಂದು ಬೀಳ್ಕೊಟ್ಟರು. ಅವರ ಮಾತು ಮೀರದಿರಲು ನನ್ನಿಂದಾದಷ್ಟು ಮಾಡಿದ್ದೇನೆ.

ಈಗ ಆ ನಾಣ್ಯದ ಪಾಡೇನು ಎಂಬುದೇ ನನ್ನನ್ನು ಕೊರೆಯತೊಡಗಿತು. ನಮ್ಮಲ್ಲಿ ನಾಣ್ಯಪಾಲಕರು ಬದಲಾಗುವಾಗ ಹೋಗುವವರು ಒಂದೊಂದೇ ನಾಣ್ಯವನ್ನು ಕೈಗಿತ್ತು ಕೊಟ್ಟವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಬರುವವರು ಅದನ್ನು ಗಟ್ಟಿಯಾಗಿ ಮರುನುಡಿಯಬೇಕು. ಹೆಸರಿಲ್ಲದ್ದು ಹಿಂದಿನ ಕೋಣೆಗೆ. ಈ ಸಲ ಅಕ್ಕನವರ ಜಾಗಕ್ಕೆ ಬರುವವನು ನಾನು. ಅಕ್ಕನವರು ಅದನ್ನು ಮನೆಗೆ ಒಯ್ಯಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಆದರೆ ಒಬ್ಬಂಟಿ ಮನೆ, ಎಪ್ಪತ್ತರ ವಯಸ್ಸು. ಅವರ ನಂತರ ಆ ಬಿಲ್ಲೆ ಯಾರದೆಂದು ಹೇಳುವವರು ಜಗತ್ತಿನಲ್ಲಿ ಯಾರೂ ಇರುತ್ತಿರಲಿಲ್ಲ. ಸಮಾರಂಭದ ಹಿಂದಿನ ದಿನ ನಾನು ತಡೆಯಲಾರದೆ, "ಅಕ್ಕಾ, ನಿಮ್ಮ ಹೆಸರೇ ಹೇಳಿಬಿಡಿ" ಎಂದೆ.

"ನಂದಲ್ಲದ್ದನ್ನ ನಾನು ಹೆಂಗೋ ಕೊಡ್ಲಿ? ತಲೆ ತಿನ್ಬೇಡ, ಹೋಗು" ಎಂದರು.

ಹಸ್ತಾಂತರದ ದಿನ ಕೋಣೆ ತುಂಬ ಜನ. ಸೋಫಿಯಾ, ಅಬ್ದಿಲ್ದಾ, ಒಂದೊಂದೇ ಹೆಸರನ್ನು ಅವರು ಹೇಳಿದರು, ನಾನು ಮರುನುಡಿದೆ. ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಗೆ ಬಂದೆವು. ಅಕ್ಕನವರು ಬಿಲ್ಲೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಬರಹವನ್ನು ಸವರಿದರು. ನನ್ನ ಕೈಗೆ ಕೊಡಲಿಲ್ಲ. ಯಾರೋ ಕೆಮ್ಮಿದರು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು, ನಾನು ಅತ್ತ ನೋಡದಿರಲು ಹೆಣಗುತ್ತಿದ್ದೆ.

"ಇದು ತುರ್ಗೇಶ್ ಖಾಗನನ ನಾಣ್ಯ" ಎಂದರು. ಎಂದೂ ರಾಜನನ್ನು ಮೊದಲು ಹೇಳದವರು ಅಂದು ಹೇಳಿದರು. ಆಮೇಲೆ ಉಸಿರೆಳೆದುಕೊಂಡು, ಕಿವಿ ಕೇಳಿಸದವರಿಗೆ ಹೇಳುವಷ್ಟು ಜೋರಾಗಿ, "ಕೊಟ್ಟವಳು ಸಾಲ್ಕಿನ್. ಜೂರಾಕಾನ್ ಮುಕಾಶರ ಮಗಳು" ಎಂದರು.

"ಸಾಲ್ಕಿನ್. ಜೂರಾಕಾನ್ ಮುಕಾಶರ ಮಗಳು" ಎಂದೆ ನಾನು. ತಂಗಾಳಿ ಎಂಬ ಅರ್ಥದ ಹೆಸರು. ನಲವತ್ತೈದು ವರ್ಷಗಳಲ್ಲಿ ಅದನ್ನು ಜನರೆದುರು ಆಡಿದ್ದು ಅದೇ ಮೊದಲು.

ಅಕ್ಕನವರು ನಿವೃತ್ತರಾಗಿದ್ದರೂ ಶನಿವಾರ ತಪ್ಪಿಸುವುದಿಲ್ಲ. ಹೋದ ವಾರ ಹೊಸದಾಗಿ ಬಂದ ಪುಟ್ಟ ಹುಡುಗಿಯೊಬ್ಬಳಿಗೆ ನಾನು ಆ ನಾಣ್ಯ ತೋರಿಸಿ, ಕೊಟ್ಟವರು ಸಾಲ್ಕಿನ್ ಎಂದೆ. "ನೋಡೋಕೆ ಹೆಂಗಿದ್ರು ಅವ್ರು?" ಎಂದು ಅವಳು ಕೇಳಿದಳು. ಒಲೆಯ ಪಕ್ಕದ ಕುರ್ಚಿಯಿಂದ ಅಕ್ಕನವರೇ ಹೇಳಿದರು: "ನಂಗೆ ತೋರಿಸ್ಲಿಲ್ಲ ಕಣೆ ಪುಟ್ಟಿ. ಬಾ ಇಲ್ಲಿ, ನಿನ್ನ ಮುಖ ತೋರ್ಸು."

ಅಕ್ಕಾ, ನೀವು ನೂರನ್ನು ದಾಟಿ ಬಾಳಿ. ನಿಮ್ಮ ಕಣ್ಣು ಮಸುಕಾಗದಿರಲಿ, ಭಾನುವಾರ ಹೊಲ ಸುತ್ತುವ ಕಾಲು ಸೋಲದಿರಲಿ. ಬಾಗಿಲಿಗೆ ಬರಬೇಕಾದ ಮಕ್ಕಳು ಇನ್ನೂ ಎಷ್ಟೋ ಇದ್ದಾರೆ, ನೀವು ನೋಡಬೇಕು.