ಉಡಿಯೊಡ್ಡದ ಪಂಚಮಿ

ಯಾದಗಿರಿಯ ಈ ಬಾಡಿಗಿ ಖೋಲಿಯೊಳಗ ನಾನು, ಒಂದು ಹೊಲಿಗಿ ಮಷೀನು, ಒಂದು ಟೀವಿ. ಸಂಜಿ ಏಳಕ್ಕ ಕೋರ್ಟಿನ ಧಾರಾವಾಹಿ ಬರ್ತದ. ದಿನಾ ಒಬ್ಬಾಕಿ ಕಟಕಟಿಯೊಳಗ ನಿಂತು, ಗಂಡನ ಮನಿಯೊಳಗ ಮುಚ್ಚಿಟ್ಟಿದ್ದೆಲ್ಲ ಹೇಳತಾಳ. ವಕೀಲ ನಡುವ ಬಾಯಿ ಹಾಕತಾನ. "ಸುಮ್ಮಿರೋ ಮಾರಾಯ, ಆಕಿ ಮಾತು ಮುಗಸ್ಲಿ" ಅಂತ ನಾ ಟೀವಿಗೇ ಬೈತೀನಿ. ಬೈಲಾಕ ಮತ್ಯಾರದಾರ ಇಲ್ಲಿ? ಈ ಧಾರಾವಾಹಿ ನಾ ಮೊದಲ ಸಲ ನೋಡಿದ್ದು ಶಹಾಪುರದಾಗ, ಅವ್ವನ ಬಾಜೂಕ ಕುಂತು.

ಅವತ್ತು ಪಂಚಮಿ ಮುಗಿದಿತ್ತು. ಸುರಪುರದ ಗಂಡನ ಮನಿಯಿಂದ ಹಬ್ಬಕ್ಕ ಬಂದಾಕಿ, ಮರುದಿನ ಹೊಳ್ಳಿ ಹೋಗಬೇಕಿತ್ತು. ಹೋಗಂಗಿಲ್ಲ ಅಂತ ಮನಸಿನಾಗ ಗಟ್ಟಿ ಮಾಡ್ಕೊಂಡಿದ್ದೆ, ಬಾಯಿಗಿ ಬರ್ಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ನಮ್ಮದು ಉಂಡ ಮ್ಯಾಲ ಚಾಲೂ ಆಗ್ತಿತ್ತು. ಅವ್ವಗ ಒಮ್ಮಿನೂ ಹೇಳಿದಾಕಿ ಅಲ್ಲ ನಾನು. ಕೈ ಮ್ಯಾಲ ಬರಿ ಕಂಡ್ರ ರೊಟ್ಟಿ ಹಂಚು ತಾಗ್ತು ಅಂತಿದ್ದೆ, ತುಟಿ ಒಡದಿದ್ರ ಬಚ್ಚಲದಾಗ ಜಾರಿದೆ ಅಂತಿದ್ದೆ. ಆಕಿ, "ನೋಡಿಕೊಂಡು ನಡೀಬಾರದೇನ ಹುಚ್ಚಿ" ಅಂದು ಎಣ್ಣಿ ಹಚ್ತಿದ್ಲು. ಪಾಪ, ಅವ್ವಗೇನು ಗೊತ್ತು, ಗೊತ್ತಾದ್ರ ಕಳಸ್ತಿದ್ದಿಲ್ಲ ಅಂತ ನಂಬಿದ್ದೆ.

ಧಾರಾವಾಹಿಯೊಳಗಿನಾಕಿ ತೋಳು ಸರಿಸಿ ಜಡ್ಜಿಗೆ ಗಾಯ ತೋರಿಸಿದ್ಲು. ಅವ್ವ ಶೇಂಗಾ ಸುಲಿಯೋದು ಬಿಟ್ಟು ಕಣ್ಣೊರಸಿಕೊಂಡ್ಲು. "ಈಕಿ ತವರಿನವ್ರು ಎಲ್ಲಿ ಸತ್ತಾರ? ಮಗಳು ಇಷ್ಟು ಸಂಕಟ ಪಡ್ಲಾಕತ್ಯಾಳ, ಕಣ್ಣು ಮುಚ್ಚಿಕೊಂಡು ಕುಂತಾರ" ಅಂತ ಬೈದ್ಲು. ನನಗ ಜೀವ ಬಂದಂಗಾಯ್ತು. ನಾಳಿ ಎಲ್ಲಾ ಹೇಳಿಬಿಡಬೇಕು, ಇಂಥ ಅವ್ವ ನನ್ನ ಕಳಸಂಗಿಲ್ಲ ಅಂತ ಅವತ್ತು ಹೊಟ್ಟಿ ತುಂಬ ಉಂಡೆ.

ಮುಂಜಾನಿ ಜಳಕ ಮಾಡಿ ಬರೂದ್ರಾಗ ಅವ್ವ ಮೊರದಾಗ ಅಕ್ಕಿ, ಕೊಬ್ಬರಿ ಬಟ್ಟಲ, ಎಲಿ ಅಡಕಿ, ಕುಬಸದ ಕಣ ಎಲ್ಲಾ ಹೊಂದಿಸಿಟ್ಟಿದ್ಲು. ನಮ್ಮ ಕಡಿ ಮಗಳು ಗಂಡನ ಮನಿಗಿ ಹೊಂಟ್ರ ಉಡಿ ತುಂಬದ ಕಳಸಂಗಿಲ್ಲ. ಆಕಿ ಸೆರಗು ಒಡ್ಡಿದ್ಲು ಅಂದ್ರ ಹೋಗ್ಲಾಕ ಒಪ್ಪಿದ್ಲು ಅಂತ. "ಬಾ, ಮೂಡಲ ಕಡಿ ಮುಖ ಮಾಡಿ ಕೂಡು" ಅಂದ್ಲು. ನಾ ನಿಂತೇ ಇದ್ದೆ. ಸೆರಗು ಸೊಂಟಕ್ಕ ಬಿಗಿಯಾಗಿ ಸಿಗಿಸಿಕೊಂಡೆ.

"ಯವ್ವಾ, ಹಂಚು ತಾಗಿದ ಬರಿ ಅಲ್ಲ ಅವು. ಅಂವ ಹೊಡೀತಾನ" ಅಂದೆ.

ಅವ್ವ ಬೊಗಸ್ಯಾಗಿನ ಅಕ್ಕಿ ಕೆಳಗ ಹಾಕ್ಲಿಲ್ಲ. ಮುಖನೂ ಎತ್ತಲಿಲ್ಲ.

"ಗೊತ್ತದ" ಅಂದ್ಲು. "ಮೊದಲನೇ ವರ್ಷದಿಂದನ ಗೊತ್ತದ. ನಿನ್ನ ಹಿಂದ ಇಬ್ಬರು ತಂಗ್ಯಾರದಾರ, ಅವರ ಲಗ್ನ ಆಗಬೇಕು. ಒಡ್ಡು, ಬಸ್ ಹೋಗ್ತದ."

ನಾ ಒಡ್ಡಲಿಲ್ಲ. ಖಾಲಿ ಉಡೀಲೆ ಹೊಸ್ತಿಲ ದಾಟಿ ಯಾದಗಿರಿ ಬಸ್ ಹತ್ತಿದೆ. ಸಿಟ್ಟು ಎಂದೋ ಇಳಿದದ. ಅವ್ವಗ ಗೊತ್ತಿಲ್ಲ ಅನ್ನೋದೊಂದು ಆಸರಿ ಇತ್ತು ನನಗ, ಹೊಡ್ತ ತಿಂದಾಗೆಲ್ಲ ಅದನ್ನ ಹಿಡಕೊಂಡು ಬದುಕಿದ್ದೆ. ಈಗ ಹೊಡ್ತ ಇಲ್ಲ, ಆ ಆಸರಿನೂ ಇಲ್ಲ.