ನಾಲ್ಕು ವರ್ಷದ ಬ್ಯಾಟರಿ

ಡಿಪೋದಲ್ಲಿ ನಮ್ಮ ಚಿಕ್ಕಪ್ಪನಿಗಿದ್ದ ಹೆಸರು ಬೆಣ್ಣೆ ಬ್ರೇಕು. ಸಿಟಿ ಬಸ್ಸಿಗೆ ಡ್ರೈವರಾಗಿ ಸೇರಿದವರು ಡ್ರೈವರಾಗಿಯೇ ನಿವೃತ್ತರಾದರು. ಅಷ್ಟು ವರ್ಷಗಳಲ್ಲಿ ಅವರ ಬಸ್ಸಿನಲ್ಲಿ ನಿಂತು ಹೋದವರು ಯಾರೂ ಒಬ್ಬರ ಮೇಲೊಬ್ಬರು ಬೀಳಲಿಲ್ಲ. ಸ್ಟಾಪು ಇನ್ನೂ ಎಲ್ಲೋ ಇರುವಾಗಲೇ ಬ್ರೇಕಿನ ಮೇಲೆ ಕಾಲಿಟ್ಟು, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಬಸ್ಸನ್ನು ನಿಲ್ಲಿಸುತ್ತಿದ್ದರು. ಹಾಗಾಗಿ ಅವರ ಬಸ್ಸು ಯಾವಾಗಲೂ ತಡ. ಮೇಲಿನವರು ಬೈದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಜನರನ್ನು ಹತ್ತಿಸಿಕೊಂಡ ಮೇಲೆ ತನ್ನ ಗಾಡಿ ದಾರಿಯಲ್ಲಿ ಕೆಟ್ಟು ನಿಂತದ್ದೇ ಇಲ್ಲ ಎನ್ನುವುದು ಅವರ ಇನ್ನೊಂದು ಹೆಮ್ಮೆ. ಬೆಳಿಗ್ಗೆ ಎಂಜಿನ್ನಿನ ಸದ್ದು ಒಂಚೂರು ಬೇರೆ ಅನ್ನಿಸಿದರೂ ಸಾಕು, "ಇದನ್ನ ನಾನು ತೆಗಿಯಲ್ಲ" ಎಂದು ಕೀಲಿಯನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತುಬಿಡುತ್ತಿದ್ದರು. ಹಠ ಅಂದರೆ ಅಂಥಿಂಥ ಹಠವಲ್ಲ.

ನಿವೃತ್ತರಾದ ವರ್ಷವೇ ಯಾರಿಗೂ ಹೇಳದೆ ಕೇಳದೆ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ಗುಂಡಿ ಒತ್ತಿದರೆ ಮಡಚಿಕೊಂಡು ಹಿಂದಕ್ಕೆ ಹೋಗುವ ಬಟ್ಟೆಯ ಚಾವಣಿ. ಜೀವಮಾನವೆಲ್ಲ ಎತ್ತರದಲ್ಲಿ ಕೂತು ರಸ್ತೆ ನೋಡಿದವರು ಈಗ ಬಸ್ಸಿನ ಚಕ್ರದ ಮಟ್ಟದಲ್ಲಿ ಕೂತು ಹೋಗುತ್ತಿದ್ದರು. ಇಳಿಯಬೇಕಾದರೆ ಯಾರಾದರೂ ಕೈಹಿಡಿದು ಎಳೆಯಬೇಕು. ಇದೇನು ಹುಚ್ಚು ಚಿಕ್ಕಪ್ಪಾ ಎಂದು ಕೇಳಿದ್ದಕ್ಕೆ ಅವರು, "ಇಷ್ಟು ವರ್ಷ ಬೆನ್ನ ಹಿಂದೆ ಜನ ಜನ ಜನ, ಸಾಕಾಗಿಹೋಗಿದೆ ಮಗಾ. ಇದರಲ್ಲಿ ಹಿಂದೆ ಯಾರೂ ಕೂರೋಕಾಗಲ್ಲ. ಪಕ್ಕದಲ್ಲಿ ಒಬ್ಬಳು ಕೂತ್ರೆ ಆಯ್ತು" ಅಂದರು.

ಆ ಒಬ್ಬಳು ನಮ್ಮ ಚಿಕ್ಕಮ್ಮ. "ಎರಡೇ ಸೀಟು ಅಂದ್ರೆ ತರಕಾರಿ ಎಲ್ಲಿಡ್ಲಿ, ನಿಮ್ಮ ತಲೆ ಮೇಲಾ?" ಎಂದು ವಾರವಿಡೀ ಮೂಗು ಮುರಿದರು. ಆಮೇಲೆ ತಾವೇ ಅದಕ್ಕೊಂದು ಹೊದಿಕೆ ಹೊಲಿದರು. ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವುದು ಅವರ ಕಸುಬು. ಮಿಕ್ಕ ನೀಲಿ ಬಟ್ಟೆಯ ತುಂಡುಗಳನ್ನೆಲ್ಲ ಜೋಡಿಸಿದ್ದರಿಂದ ಆ ಹೊದಿಕೆಗೆ ಅಲ್ಲಲ್ಲಿ ಜೇಬುಗಳಿದ್ದವು. ಕಾರು ಮಾತ್ರ ಹೊರಗೆ ಬರುತ್ತಿದ್ದದ್ದು ಅಪರೂಪ. ನಮ್ಮ ರಸ್ತೆಯ ಹಂಪುಗಳಿಗೆ ಅದರ ಹೊಟ್ಟೆ ತಾಗುತ್ತಿತ್ತು. ಎಂದೋ ಒಂದು ಭಾನುವಾರ ಬೆಳಗಿನ ಹೊತ್ತು ಇಬ್ಬರೂ ಅಣೆಕಟ್ಟಿನ ರಸ್ತೆಗೆ ಹೋಗಿ ಬರುವರು, ಅಷ್ಟೆ. ಹೋದಾಗಲೂ ಚಿಕ್ಕಮ್ಮ ಚಾವಣಿ ತೆಗೆಯಲು ಬಿಡುತ್ತಿರಲಿಲ್ಲ. ಅವರಿಗೆ ಸೊಂಟದವರೆಗೆ ಕೂದಲು. "ಗಾಳಿಗೆ ಎಲ್ಲ ಸಿಕ್ಕಾಗುತ್ತೆ, ಬಿಡಿಸೋರು ಯಾರು, ನೀವಾ?" ಅನ್ನುತ್ತಿದ್ದರು. ಚಿಕ್ಕಪ್ಪನ ಬೆರಳು ಗುಂಡಿಯ ತನಕ ಹೋಗಿ ವಾಪಸ್ಸು ಬರುತ್ತಿತ್ತು.

ಅವರಿಗೆ ಮಕ್ಕಳಿರಲಿಲ್ಲ. ಎರಡು ಬೀದಿ ಆಚೆ ಇದ್ದ ನಾನು, ಅಣ್ಣನ ಮಗಳು, ಅವರ ಮನೆಗೆ ಹೇಳದೆ ಕೇಳದೆ ಬರಬಹುದಾದ ಒಬ್ಬಳೇ ಒಬ್ಬಳು. ಹಾಗಾಗಿ ಚಿಕ್ಕಮ್ಮನಿಗೆ ಕಾಯಿಲೆ ಬಂದಾಗ ಆಸ್ಪತ್ರೆಗೆ ಓಡಾಡಿದ್ದೂ ನಾನೇ. ಒಂದು ವರ್ಷ ಕಾರಿನ ಹೊದಿಕೆಯನ್ನು ಯಾರೂ ಎತ್ತಲಿಲ್ಲ. ಔಷಧಿಗೆ ಚಿಕ್ಕಮ್ಮನ ಕೂದಲು ಪೂರ್ತಿ ಹೋಯಿತು. ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು, "ಮನೆಗೆ ಕರ್ಕೊಂಡು ಹೋಗಿ. ಏನು ಇಷ್ಟಪಡ್ತಾರೋ ಮಾಡಿಕೊಡಿ" ಅಂದರು. ಅದರ ಅರ್ಥ ನನಗಾಯಿತು. ಚಿಕ್ಕಪ್ಪ ಮಾತ್ರ "ಸರಿ ಸಾರ್, ಮನೆ ಗಾಳಿಗೆ ಚೇತರಿಸ್ಕೋತಾಳೆ" ಎಂದು ಕೈಮುಗಿದರು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಚಿಕ್ಕಮ್ಮ ಗಂಜಿಯ ಲೋಟ ಕೆಳಗಿಟ್ಟು ಬೋಳುತಲೆಯ ಮೇಲೆ ಕೈಯಾಡಿಸಿಕೊಂಡರು.

"ಅಲ್ಲಾ ರೀ, ಈಗ ನಿಮ್ಮ ಕಾರಿನ ಮೇಲ್ಗಡೆ ತೆಗಿಬಹುದಲ್ಲ. ಸಿಕ್ಕು ಬಿಡಿಸೋ ತಾಪತ್ರಯ ಇಲ್ಲ."

ಚಿಕ್ಕಪ್ಪ ನಗಬೇಕೋ ಅಳಬೇಕೋ ತಿಳಿಯದೆ ನನ್ನ ಮುಖ ನೋಡಿದರು.

"ತಮಾಷೆ ಅಲ್ಲ ರೀ. ಒಂದ್ಸಲ ಅಣೆಕಟ್ಟಿನ ತನಕ ಹಾಗೇ ಹೋಗ್ಬೇಕು ನಂಗೆ. ಗಾಳೀಲಿ."

ಅವರು ಗಂಡನ ಹತ್ತಿರ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಿಕ್ಕಪ್ಪ ಎದ್ದು ಹೋಗಿ ಹೊದಿಕೆ ಎಳೆದು ಹಾಕಿ ಕೀಲಿ ತಿರುಗಿಸಿದರು. ಟಿಕ್ ಎಂದು ಒಂದು ಸದ್ದು ಬಂತು, ಅಷ್ಟೆ. ಎದುರು ಮನೆಯ ಟ್ಯಾಕ್ಸಿಯವರು ಬಂದು ತಮ್ಮ ಬ್ಯಾಟರಿಯಿಂದ ವೈರು ಎಳೆದು ಕೊಟ್ಟರು. ಎಂಜಿನ್ ಕೆಮ್ಮುತ್ತಾ ಎದ್ದಿತು. ಚಿಕ್ಕಮ್ಮ ಕಿಟಕಿಯಿಂದ ಚಪ್ಪಾಳೆ ತಟ್ಟಿದರು. ವೈರು ಕಿತ್ತು ಚಾವಣಿಯ ಗುಂಡಿ ಒತ್ತಿದ್ದೇ ತಡ, ಅದು ಅರ್ಧಕ್ಕೆ ಎದ್ದು ಬಾಯಿ ತೆರೆದುಕೊಂಡು ನಿಂತಿತು, ಎಂಜಿನ್ನೂ ಆರಿಹೋಯಿತು. ಮೂವರೂ ಸೇರಿ ಅದನ್ನು ಕೈಯಿಂದಲೇ ಒತ್ತಿ ಮುಚ್ಚಬೇಕಾಯಿತು.

"ಒಳಗೇ ಸತ್ತಿದೆ ಇದು, ಇನ್ನು ಚಾರ್ಜ್ ಹಿಡಿಯಲ್ಲ. ನಿಲ್ಲಿಸಿಟ್ರೆ ಹೀಗೇ ಆಗೋದು. ಬೇರೆ ಹಾಕಿಸಿ" ಅಂದರು ಟ್ಯಾಕ್ಸಿಯವರು.

ನನ್ನ ಕಾರಿನಲ್ಲಿ ಹೋಗೋಣ, ಕಿಟಕಿ ಎಲ್ಲ ಇಳಿಸ್ತೀನಿ ಅಂದೆ. ಚಿಕ್ಕಮ್ಮ ಬೇಡವೆಂದು ತಲೆಯಾಡಿಸಿದರು. "ಅದರಲ್ಲಿ ಕೂತ್ರೆ ಆಸ್ಪತ್ರೆಗೇ ಹೋದ ಹಾಗಿರುತ್ತೆ ಕಣೇ."

ಬ್ಯಾಟರಿ ಅಂಗಡಿ ಮುಖ್ಯರಸ್ತೆಯಲ್ಲಿ, ಟೈರಿನಂಗಡಿಗೂ ಬೇಕರಿಗೂ ನಡುವೆ ಇತ್ತು. ರೈಲು ಡಬ್ಬಿಯಷ್ಟು ಉದ್ದ, ಅಷ್ಟೇ ಇಕ್ಕಟ್ಟು. ಒಳಗೆ ಕಾಲಿಟ್ಟರೆ ಮೂಗು ಚುರುಗುಟ್ಟುವ ಆಸಿಡ್ ವಾಸನೆ. ಅಂಗಡಿಯವರ ಅಂಗಿಯಲ್ಲಿ ಸಾಸಿವೆ ಕಾಳಿನಂಥ ತೂತುಗಳು.

"ಬ್ಯಾಟರಿ ಡಿಕ್ಕೀಲಿರೋ ಗಾಡಿ ಅಲ್ವಾ?" ಅಂದರು ಅವರು, ಚಿಕ್ಕಪ್ಪ ಕಾರಿನ ಹೆಸರು ಹೇಳುತ್ತಿದ್ದಂತೆ. "ಎಷ್ಟು ಓಡಿಸ್ತೀರಿ ಯಜಮಾನ್ರೇ?"

"ಓಡಿಸ್ತೀವಿ."

"ಅದೇ, ದಿನಾನಾ, ವಾರಕ್ಕೊಂದ್ಸಲನಾ?"

"ವಾರಕ್ಕೊಂದ್ಸಲ" ಎಂದು ಚಿಕ್ಕಪ್ಪ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು.

ಅಂಗಡಿಯವರು ಒಂದು ಬ್ಯಾಟರಿ ಎತ್ತಿ ಕೌಂಟರಿನ ಮೇಲಿಟ್ಟರು. "ಇದು ಮಾಮೂಲಿದು. ಗ್ಯಾಸ್ ಹೊರಗೆ ಹೋಗೋಕೆ ಒಂದು ಪೈಪ್ ಹಾಕಿ, ಪಟ್ಟಿ ಬಿಗಿದು ಕೂರಿಸಿದ್ರೆ ಕೂರುತ್ತೆ. ಬೇಕಂದ್ರೆ ಈಗ್ಲೇ ಬಂದು ಹಾಕಿಕೊಡ್ತೀನಿ. ಆದ್ರೆ ನಿಂತಲ್ಲೇ ನಿಂತಿರೋ ಗಾಡೀಲಿ ಇದು ತಾಳಲ್ಲ. ಆರು ತಿಂಗಳು, ಹೆಚ್ಚಂದ್ರೆ ವರ್ಷ."

"ಇನ್ಯಾವುದಿದೆ?"

"ಸೀಲ್ ಆಗಿರೋದು ಬರುತ್ತೆ. ಆಸಿಡ್ಡನ್ನೆಲ್ಲ ಒಳಗೆ ಹತ್ತಿಯಂಥ ಹಾಳೆ ಹೀರ್ಕೊಂಡಿರುತ್ತೆ, ಚೆಲ್ಲಲ್ಲ. ಈ ಗಾಡಿ ಅಳತೆಗೆ ಸರಿಯಾಗಿ ಅದೇ ಇರೋದು. ಮನೇಲಿ ಒಂದು ಸಣ್ಣ ಚಾರ್ಜರ್ ಸಿಕ್ಕಿಸಿಟ್ರೆ ನಾಲ್ಕು ವರ್ಷ ಗ್ಯಾರಂಟಿ. ಆದ್ರೆ ನನ್ ಹತ್ರ ಇಲ್ಲ. ತರಿಸೋಕೆ ಎಂಟ್ಹತ್ತು ದಿನ ಆಗುತ್ತೆ."

ಇದರಲ್ಲಿ ಯೋಚಿಸುವುದೇನಿದೆ? ಮನೆಯಲ್ಲಿ ಒಬ್ಬರು ಕಿಟಕಿಯ ಪಕ್ಕ ಕಾಯುತ್ತಾ ಕೂತಿದ್ದಾರೆ. ಕಣ್ಣೆದುರಿಗಿರುವುದನ್ನು ಹೊತ್ತುಕೊಂಡು ಹೋದರೆ ಮಧ್ಯಾಹ್ನದೊಳಗೆ ಅಣೆಕಟ್ಟು. ನಾನು ಆಗಲೇ ಪರ್ಸಿಗೆ ಕೈಹಾಕಿದ್ದೆ. ಚಿಕ್ಕಪ್ಪ ಕೌಂಟರಿನ ಮೇಲಿದ್ದ ಬ್ಯಾಟರಿಯನ್ನು ಒಮ್ಮೆ ಸವರಿದರು.

"ಆರು ತಿಂಗಳಾ?" ಎಂದು ಮತ್ತೆ ಕೇಳಿದರು.

"ಹೂಂ, ಹೆಚ್ಚಂದ್ರೆ ವರ್ಷ."

"ಬೇಡ. ನಾಲ್ಕು ವರ್ಷದ್ದನ್ನೇ ತರಿಸಿ."

ನನ್ನ ಪಿತ್ತ ನೆತ್ತಿಗೇರಿತು. ಈಗ ಇದನ್ನು ಹಾಕಿಸೋಣ, ಆಮೇಲೆ ಅದನ್ನೂ ಹಾಕಿಸೋಣ ಅಂದೆ. ಊಹೂಂ. "ಪೈಪ್ ಹಾಕಿ, ಪಟ್ಟಿ ಬಿಗಿದು... ಅಂಥ ಗಾಡೀಲಿ ಅವಳನ್ನ ಕೂರಿಸಲ್ಲ ನಾನು. ದಾರೀಲಿ ನಿಂತ್ರೆ?" ಅಂದರು. ಅದೇ ಡಿಪೋ ಮಾತು, ಅದೇ ಕೈಕಟ್ಟಿದ ಭಂಗಿ. ರಸ್ತೆಗಿಳಿದ ಮೇಲೆ ಬೇಕರಿಯ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. "ನಿಮ್ಮ ಹಠಕ್ಕೆ ಇಷ್ಟು ಬೆಂಕಿ ಹಾಕ! ಅವರ ಹತ್ರ ಎಂಟ್ಹತ್ತು ದಿನ ಇದೆಯೋ ಇಲ್ಲವೋ!" ಅಂದುಬಿಟ್ಟೆ. ಬನ್ನು ಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಚಿಕ್ಕಪ್ಪ ಸಿಗ್ನಲ್ಲಿನಲ್ಲಿ ಹಸಿರು ಬಂದಾಗ ನನ್ನ ಕೈಹಿಡಿದು ರಸ್ತೆ ದಾಟಿಸಿದರು.

ಮನೆಗೆ ಹೋದವರೇ ಹಾಸಿಗೆಯ ಪಕ್ಕ ಕೂತು ವರದಿ ಒಪ್ಪಿಸಿದರು. "ಸಾಧಾರಣದ್ದು ಇತ್ತು, ಬೇಡ ಅಂದೆ. ನಾಲ್ಕು ವರ್ಷ ಬರೋದು ತರಿಸ್ತಾರೆ ಕಣೇ."

"ನಾಲ್ಕು ವರ್ಷನಾ?"

"ನಾಲ್ಕು ವರ್ಷ. ಗ್ಯಾರಂಟಿ ಕಾರ್ಡ್ ಕೊಡ್ತಾರೆ."

"ಅಬ್ಬಾ" ಅಂದರು ಚಿಕ್ಕಮ್ಮ. ಆಮೇಲೆ ಬಂದವರಿಗೆಲ್ಲ ಅದೇ ಸುದ್ದಿ. ಇಂಜೆಕ್ಷನ್ ಕೊಡಲು ಬರುತ್ತಿದ್ದ ನರ್ಸಮ್ಮನಿಗೆ, ಹಾಲಿನವರಿಗೆ, ಯೂನಿಫಾರಂ ಹೊಲಿಸಬೇಕೆಂದು ಕೇಳಿಕೊಂಡು ಬಂದ ತಾಯಂದಿರಿಗೆ: "ನಮ್ಮೆಜಮಾನ್ರು ಕಾರಿಗೆ ನಾಲ್ಕು ವರ್ಷದ ಬ್ಯಾಟರಿ ತರಿಸ್ತಿದ್ದಾರೆ." ಚಿಕ್ಕಪ್ಪ ಆ ಮಾತಿಗೆಲ್ಲ ಹೌದೌದು ಎಂದು ತಲೆಯಾಡಿಸುತ್ತಾ ಚಾರ್ಜರಿಗೆಂದು ಗೋಡೆಗೊಂದು ಪ್ಲಗ್ಗು ಕೂರಿಸಿದರು.

ದಿನದಿನಕ್ಕೆ ಚಿಕ್ಕಮ್ಮ ಹಾಸಿಗೆಯಲ್ಲಿ ಸಣ್ಣಗಾಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಚಿಕ್ಕಪ್ಪ ಔಷಧಿಯಂಗಡಿಗೆ ಹೋಗಿದ್ದಾಗ ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. "ಚಿಕ್ಕಮ್ಮಾ, ಆ ಸಾಧಾರಣದ್ದನ್ನೇ ಇವತ್ತು ಹಾಕಿಸಿಬಿಡ್ತೀನಿ. ಅವರು ಕೂಗಾಡಿದ್ರೆ ಕೂಗಾಡ್ಲಿ. ಸಾಯಂಕಾಲ ಹೋಗಿ ಬನ್ನಿ."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಹಿಡಿತಕ್ಕೆ ಬಲವೇ ಇರಲಿಲ್ಲ.

"ಬೇಡ ಕಣೇ. ಅವರು ನಾಲ್ಕು ವರ್ಷದ್ದು ಅಂತ ಕೂತಿದ್ದಾರೆ. ನಂಗೆ ಇವತ್ತಿಗೆ ಸಾಕು ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನಿಮಗೆ ಹೋಗ್ಬೇಕು ಅಂತಿಲ್ವಾ?"

"ಇದೆ. ತುಂಬಾ ಇದೆ" ಅಂದರು. ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು; ನಾನು ಸೆರಗಿನಿಂದ ಒರೆಸಿದೆ. "ಅವರ ಮುಂದೆ ಇದನ್ನೆಲ್ಲ ಎತ್ತಬೇಡ, ಆಯ್ತಾ?"

ಬ್ಯಾಟರಿ ಬರುವುದಕ್ಕೆ ಮುಂಚೆಯೇ ಅವರು ಹೋದರು. ಮಧ್ಯಾಹ್ನದ ಹೊತ್ತು, ನರ್ಸಮ್ಮ ದಿಂಬು ಸರಿಮಾಡುತ್ತಿದ್ದಾಗ. ಚಿಕ್ಕಪ್ಪ ಅಡುಗೆಮನೆಯಲ್ಲಿ ಗಂಜಿ ಸೋಸುತ್ತಿದ್ದರು. ನಾನೇ ಹೋಗಿ ಹೇಳಬೇಕಾಯಿತು. ಅವರು ಸೋಸುವುದನ್ನು ಮುಗಿಸಿ, ಪಾತ್ರೆಗೆ ತಟ್ಟೆ ಮುಚ್ಚಿ, ಆಮೇಲೆ ಬಂದರು.

ಎಲ್ಲ ಮುಗಿದು ನೆಂಟರು ಊರು ಸೇರಿದ ಮೇಲೆ ಒಂದು ಬೆಳಿಗ್ಗೆ ಅಂಗಡಿಯಿಂದ ಫೋನು ಬಂತು. ಫೋನು ತೆಗೆದವಳು ನಾನು. ಬೇಡ, ವಾಪಸ್ಸು ಕಳಿಸಿಬಿಡಿ ಅನ್ನುವಷ್ಟರಲ್ಲಿ ಚಿಕ್ಕಪ್ಪ, "ತಂದು ಹಾಕೋಕೆ ಹೇಳು" ಅಂದರು.

ಅಂಗಡಿಯವರೇ ಬಂದರು. ಅವರಿಗೆ ವಿಷಯ ಗೊತ್ತಿರಲಿಲ್ಲ, ನಾವೂ ಹೇಳಲಿಲ್ಲ. ಬ್ಯಾಟರಿ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತು. ಚಿಕ್ಕಪ್ಪ ಸೀಟಿಗೆ ಇಳಿದು ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟಾಯಿತು. "ಕೇಳಿ ಸದ್ದು! ನಾಲ್ಕು ವರ್ಷ ನೀವು ಇದರ ಯೋಚನೆನೇ ಮಾಡೋ ಹಾಗಿಲ್ಲ" ಎಂದು ಅಂಗಡಿಯವರು ಕಾರ್ಡು ಬರೆದು ಕೊಟ್ಟು, ಹಳೆಯದನ್ನು ಸ್ಕೂಟರಿನ ಮೇಲಿಟ್ಟುಕೊಂಡು ಹೋದರು.

ಚಿಕ್ಕಪ್ಪ ಇಳಿಯಲಿಲ್ಲ. ಎಳೆಯಬೇಕೇನೋ ಎಂದು ಕೈ ಚಾಚಿದೆ. ಅವರು ನನ್ನ ಕೈಯನ್ನು ನೋಡಲೇ ಇಲ್ಲ.

"ಆವತ್ತು ಕೌಂಟರ್ ಮೇಲಿತ್ತಲ್ಲ, ಅದನ್ನ ತಗೊಂಡಿದ್ರೆ ಹೋಗಿ ಬರಬಹುದಿತ್ತು. ಗೊತ್ತಿತ್ತು ನಂಗೆ" ಅಂದರು. "ದಾರೀಲಿ ನಿಲ್ಲುತ್ತೆ ಅಂದಿದ್ದೆಲ್ಲ ಸುಳ್ಳು. ಆರು ತಿಂಗಳಿನದ್ದು ತಂದೆ ಅಂತ ಅವಳಿಗೆ ಹೇಗೆ ಹೇಳೋದು? ಹೇಳಿದ್ರೆ ಅವಳಿಗೆ ಅರ್ಥ ಆಗ್ತಿತ್ತು. ನಾಲ್ಕು ವರ್ಷ ಅಂದಾಗ ಮುಖ ಹೇಗಾಯ್ತು, ನೋಡಿದೆಯಲ್ಲ. ನಂಬಿದ್ಲು ಅಲ್ವಾ?"

ಆ ಅಂಗಡಿಯ ದಿನದ ಸಿಟ್ಟು ಮತ್ತೆ ಬಂತು. ಗಾಳಿಗೋಸ್ಕರ ಕಿಟಕಿಯ ಪಕ್ಕ ಕಾದು ಕಾದು ಹೋದವರು ಅವರು. ಈ ಮನುಷ್ಯನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಅವರ ಮುಖ ನೋಡಿದೆ. ಗಡ್ಡ ಬೆಳೆದಿತ್ತು.

"ಪೂರ್ತಿ ನಂಬಿದ್ರು ಚಿಕ್ಕಪ್ಪಾ" ಅಂದೆ.

"ಹಾಗಾದ್ರೆ ಸರಿ" ಅಂದರು. ಎಂಜಿನ್ ಆರಿಸಿದರು. ಆ ಗ್ಯಾರಂಟಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ತಲೆಯೆತ್ತಿ ನನ್ನನ್ನು ಕೇಳಿದರು:

"ಅಲ್ಲ ಮಗಾ, ನಾಲ್ಕು ವರ್ಷ ನಾನೇನು ಮಾಡ್ಲಿ?"