ಮೊಕ್ಕೈಸಾಮಿಯನ್ನು ಮೋಡಕ್ಕೇರಿಸಿದ ಹುಡುಗಿ

ನಾನು ಅಕ್ಷರ ನೋಡುವವನು. ಚಿನ್ನಮನೂರಿನ ಮಾರ್ಕೆಟ್ ಬೀದಿಯಲ್ಲಿ ಜಕ್ಕಯ್ಯನ ಬ್ಯಾನರ್ ಅಂಗಡಿ ಇದೆಯಲ್ಲ, ಅದರ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೆಂಪು ಪೆನ್ನು ಹಿಡಿದು ಕೂತಿರುವ ಕನ್ನಡಕದ ಮುದುಕ ನಾನೇ. ಮೊದಲು ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಆ ಕಾಲ ಮುಗಿದ ಮೇಲೂ ಜಕ್ಕಯ್ಯ ನನ್ನನ್ನು ಬಿಡಲಿಲ್ಲ. "ಮಾಮ, ನೀವು ಹೋದ್ರೆ ತಮಿಳಿನ ಮೂರು ‘ನ’ಗಳಲ್ಲಿ ಯಾವುದು ಎಲ್ಲಿ ಬರುತ್ತೆ ಅಂತ ಹೇಳೋರು ಯಾರು?" ಎಂದು ಸ್ಟೂಲು ತಂದು ಹಾಕಿದ. ಇಂಥ ನಾನು ಮುತ್ತುಪ್ಪೇಚ್ಚಿಯ ಕತೆ ಹೇಳಲು ಕಾರಣವಿದೆ. ಅವಳು ಮಾಡಿದ ಆ ದೊಡ್ಡ ತಪ್ಪಿನಲ್ಲಿ ಅರ್ಧ ಪಾಲು ನನ್ನದು.

ಪೇಚ್ಚಿ ಬಾಳೆಮಂಡಿಯಲ್ಲಿ ಗೊನೆ ಹೊರುವ ಕಾಸಿಮಾಯನ ಮಗಳು. ಕಾಲೇಜಿನಲ್ಲಿ ಕಾಮರ್ಸ್ ಓದಿದಳು, ಆದರೆ ತಲೆಯ ತುಂಬ ಬಣ್ಣ. ಡಿಸೈನ್ ಮಾಡುವುದನ್ನು ಫೋನಿನಲ್ಲಿ ವಿಡಿಯೋ ನೋಡಿ ನೋಡಿಯೇ ಕಲಿತಳು. ಕಲಿಸುವವನು ಹಿಂದಿಯವನು, ಇವಳಿಗೆ ಹಿಂದಿ ಬಾರದು. ಅವನ ಬೆರಳು ಎಲ್ಲಿ ಹೋಗುತ್ತದೆಂದು ನೋಡಿಕೊಂಡು ಇವಳ ಬೆರಳೂ ಹೋಗುತ್ತಿತ್ತು. ಆಮೇಲೆ ತೇನಿಗೆ ಹೋಗಿ ಆರು ವಾರದ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು, ಒಂದು ಫೈಲು ಹಿಡಿದು ಅಂಗಡಿಗೆ ಬಂದಳು. ಫೈಲಿನಲ್ಲಿದ್ದದ್ದು ಇಲ್ಲದ ಕಾಫಿ ಕಂಪನಿಗೆ, ಇಲ್ಲದ ಚಪ್ಪಲಿ ಕಂಪನಿಗೆ ಮಾಡಿದ ಲೋಗೋಗಳು. ಒಂದೊಂದು ಹಾಳೆಯ ನಡುವೆ ಅಂಗೈಯಷ್ಟು ಚಿತ್ರ, ಸುತ್ತ ಬರೀ ಬಿಳಿ.

ಜಕ್ಕಯ್ಯ ಫೈಲನ್ನು ತಿರುಗಿಸಿ ಮುರುಗಿಸಿ ನೋಡಿದ. "ಏನಮ್ಮ ಇದು, ಇಷ್ಟು ಜಾಗ ಖಾಲಿ ಬಿಟ್ಟಿದ್ದೀಯ?"

"ಅಣ್ಣ, ಕಣ್ಣಿಗೆ ಉಸಿರಾಡೋಕೆ ಜಾಗ ಬೇಕು ಅಂತ ಹೇಳಿಕೊಟ್ಟಿದಾರೆ."

"ಕಣ್ಣು ಆಮೇಲೆ ಉಸಿರಾಡಲಿ. ಇಲ್ಲಿ ಇನ್ನೂ ಹನ್ನೆರಡು ತಲೆ ಕೂರುತ್ತೆ!"

ಹಾಗೆ ಶುರುವಾಯಿತು ಅವಳ ನಿಜವಾದ ಕಲಿಕೆ. ನಮ್ಮೂರಲ್ಲಿ ಮದುವೆ, ಕಿವಿ ಚುಚ್ಚುವುದು, ಗೃಹಪ್ರವೇಶ, ಯಾವುದಾದರೂ ಸರಿ, ಬೀದಿಗೆ ಬ್ಯಾನರ್ ಕಟ್ಟದಿದ್ದರೆ ನಡೆದಂತೆಯೇ ಅಲ್ಲ. ಬ್ಯಾನರ್ ಎಂದರೆ ನೆಂಟರ ತಲೆಗಳು. ಫೋನಿನಲ್ಲಿ ಬಂದ ಫೋಟೋದಿಂದ ಕೂದಲು ಹರಿಯದಂತೆ ತಲೆ ಕತ್ತರಿಸಬೇಕು. ಅದನ್ನು ತಂದು ಬಿಳಿ ಅಂಗಿ ತೊಟ್ಟು ಕೈಮುಗಿದು ನಿಂತ ದೇಹದ ಮೇಲೆ ಕೂರಿಸಬೇಕು. ದೇಹ ಮಾತ್ರ ಇಡೀ ತಾಲೂಕಿಗೆ ಒಂದೇ. ಯಾವ ಪುಣ್ಯಾತ್ಮನದೋ ಗೊತ್ತಿಲ್ಲ. ಪರದೆಯ ಮೇಲೆ ಕುಂಕುಮದಂತಿದ್ದ ಕೆಂಪು, ಬಟ್ಟೆಯ ಮೇಲೆ ಇಟ್ಟಿಗೆಯ ಬಣ್ಣವಾಗಿ ಇಳಿಯುತ್ತದೆ, ಅದನ್ನು ಮೊದಲೇ ಊಹಿಸಬೇಕು. ಬಂದವರೆಲ್ಲ "ಸ್ವಲ್ಪ ಬೆಳ್ಳಗೆ ಮಾಡಮ್ಮ" ಎನ್ನುತ್ತಾರೆ, ಎಷ್ಟು ಸ್ವಲ್ಪ ಎಂದು ಅವರ ಮುಖ ನೋಡಿಯೇ ಅಳೆಯಬೇಕು. ಸೋದರಮಾವನ ತಲೆ ಎಲ್ಲರಿಗಿಂತ ದೊಡ್ಡದಿರಬೇಕು, ಅದಕ್ಕಿಂತ ಚಿಕ್ಕಪ್ಪನ ತಲೆ ಒಂದು ಬೆರಳು ದೊಡ್ಡದಾಯಿತೋ ಪಂಚಾಯಿತಿ ಸೇರುತ್ತದೆ. ತೀರಿಕೊಂಡವರಿಗೆ ಮೇಲೆ ಮೋಡದಲ್ಲಿ ಜಾಗ, ತಲೆಯ ಹಿಂದೆ ಬೆಳಕು, ಹೆಸರಿನ ಮುಂದೆ ‘ದೈವತ್ತಿರು’, ಅಂದರೆ ದಿವಂಗತ, ಎಂಬ ಮಾತು. ಇದನ್ನೆಲ್ಲ ಯಾವ ವಿಡಿಯೋದವನೂ ಹೇಳಿಕೊಡುವುದಿಲ್ಲ.

ಎರಡೇ ವರ್ಷದಲ್ಲಿ ಹುಡುಗಿ ಪಳಗಿದಳು. ಆದರೆ ಬ್ಯಾನರಿನ ಬಲಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಅಕ್ಷರದಲ್ಲಿ, ‘ವಿನ್ಯಾಸ: ಜಕ್ಕಯ್ಯ’ ಎಂದೇ ಬೀಳುತ್ತಿತ್ತು. ಜಕ್ಕಯ್ಯ ಮೌಸ್ ಮುಟ್ಟಿ ಎಷ್ಟು ಕಾಲವಾಗಿತ್ತೋ! ಪೇಚ್ಚಿಗೆ ಆ ಮೂಲೆ ಬೇಕಿತ್ತು. ಮಂಡಿಯಲ್ಲಿ ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ ಕಾಸಿಮಾಯ "ಕಂಪ್ಯೂಟರ್‌ನಲ್ಲಿ ತಲೆ ಕತ್ತರಿಸ್ತಾಳೆ" ಎಂದು ಹೇಳಿ, ಹೆಣ್ಣು ನೋಡಲು ಬಂದವರನ್ನು ಓಡಿಸಿದ್ದ. "ಮೂಲೇಲಿ ನನ್ನ ಹೆಸರಿದ್ರೆ ಅಪ್ಪ ಬೆರಳು ತೋರಿಸಿ ಹೇಳಬಹುದು ದೊಡ್ಡಪ್ಪ," ಎಂದು ನನ್ನ ಹತ್ತಿರ ಅಲವತ್ತುಕೊಂಡಳು. ಕಾಟ ತಡೆಯಲಾರದೆ ಜಕ್ಕಯ್ಯ ಒಂದು ಕರಾರು ಹಾಕಿದ. "ಒಂದು ಇಡೀ ಬ್ಯಾನರ್ ನೀನೊಬ್ಬಳೇ ಮಾಡು. ಕಟ್ಟಿದ ಮೇಲೆ ಮೂರು ದಿನ ಯಾರೂ ಜಗಳಕ್ಕೆ ಬರಬಾರದು. ಆಮೇಲೆ ಮೂಲೆ ನಿಂದೇ."

ಸಿಕ್ಕಿದ್ದು ಪವುನ್‌ರಾಜನ ಆರ್ಡರ್. ಟಿಪ್ಪರ್ ಲಾರಿ ಇಟ್ಟುಕೊಂಡಿರುವ ಮನುಷ್ಯ. ಭಾನುವಾರ ಅವನ ತಂಗಿಯ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ, ಸೋದರಮಾವ ಅವನೇ. ಐವತ್ನಾಲ್ಕು ತಲೆ ಕಳಿಸಿದ್ದ. ಪೇಚ್ಚಿ ಶುಕ್ರವಾರ ಬೆಳಿಗ್ಗೆ ಫೋನ್ ಹಿಡಿದು, ಒಬ್ಬೊಬ್ಬರ ವಿಷಯವನ್ನೂ ಕೇಳಿಕೊಳ್ಳತೊಡಗಿದಳು. ಅತ್ತ ಪವುನ್‌ರಾಜ ಬೈಕಿನ ಮೇಲಿದ್ದ, ಗಾಳಿಯ ಸದ್ದು ನಮಗೂ ಕೇಳಿಸುತ್ತಿತ್ತು.

"ಮಾಮ, ಈ ಹಸಿರು ಟವೆಲ್‌ನೋರು ಇದಾರಾ?"

"ಕಲ್ಲುಗುಂಡಿನ ಹಾಗೆ ಇದಾರೆ. ಮೀಸೆ ಸ್ವಲ್ಪ ದಪ್ಪ ಮಾಡು."

"ಕಟ್ಟು ಹಾಕಿದ ಫೋಟೋ ಇದೆಯಲ್ಲ, ತಾತ, ಹಣೆ ಮೇಲೆ ಕುಂಕುಮ ಇದೆ..."

"ನಮ್ಮಪ್ಪ. ಅವರು ಮೇಲಿದಾರಮ್ಮ."

ಪೇಚ್ಚಿಯ ದನಿ ತಗ್ಗಿತು. "ಯಾವಾಗಿಂದ ಮಾಮ?"

"ಹತ್ತು ವರ್ಷ ಆಯ್ತು. ಅವ್ವ ಹೋದ ಮೇಲೆ ಇಲ್ಲಿ ಮನಸ್ಸು ನಿಲ್ಲಲಿಲ್ಲ, ಹೊರಟುಬಿಟ್ರು. ಅವರಿಗೆ ಒಳ್ಳೆ ಜಾಗ ಕೊಡಮ್ಮ."

"ಕೊಡ್ತೀನಿ ಮಾಮ," ಎಂದಳು ಕಣ್ಣು ತುಂಬಿಕೊಂಡು. ಕೊಟ್ಟಳು ಕೂಡ. ಅಂಥ ಮೋಡವನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಬೆಣ್ಣೆ ಕಡೆದು ಹರಡಿದಂತೆ ಇತ್ತು. ನಡುವೆ ಮೊಕ್ಕೈಸಾಮಿ ತಾತ, ಹಿಂದೆ ಬಂಗಾರದ ಕಿರಣ. ಅಚ್ಚಿಗೆ ಹೋಗುವ ಮೊದಲು ಹಾಳೆ ನನ್ನ ಕೈಗೆ ಬಂತು. ‘ನ’ಗಳೆಲ್ಲ ಸರಿಯಾಗಿದ್ದವು. ಆದರೆ ಮೋಡದಲ್ಲಿರುವವರ ಹೆಸರಿನ ಮುಂದೆ ‘ದೈವತ್ತಿರು’ ಇಲ್ಲ! ಸಿಕ್ಕಿಬಿದ್ದಳು ಹುಡುಗಿ ಎಂದು ಹಿಗ್ಗಿ, ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದು ಸೇರಿಸಿದೆ. ನನ್ನ ಅರ್ಧ ಪಾಲು ಎಂದೆನಲ್ಲ, ಅದು ಇದು.

ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣದ ಎದುರು ಬ್ಯಾನರ್ ಕಟ್ಟಿದರು. ಪೇಚ್ಚಿ ಅದರ ಫೋಟೋವನ್ನು ಹನ್ನೊಂದು ಸಲ ತೆಗೆದು ಅಂಗಡಿಗೆ ಹೋದಳು, ನಾನು ಅಲ್ಲೇ ಟೀ ಕುಡಿಯುತ್ತ ಉಳಿದೆ.

ಹತ್ತು ಗಂಟೆಗೆ ಬೆಟ್ಟದ ಬಸ್ಸು ಬಂತು. ನಮ್ಮೂರಿನ ನೆತ್ತಿಯ ಮೇಲೆ ಮೇಘಮಲೆ ಇದೆ. ಊರಿನ ಅರ್ಧ ಜನ ಅಲ್ಲಿನ ಟೀ ತೋಟ, ಏಲಕ್ಕಿ ತೋಟಗಳಲ್ಲಿ ಕೆಲಸ ಮಾಡುತ್ತಾರೆ. ಅವರೆಲ್ಲಿ ಎಂದು ಕೇಳಿದರೆ ಮನೆಯವರು ಹೇಳುವುದು ಒಂದೇ ಮಾತು, "ಮೇಲಿದಾರೆ." ಹಾಗೆ ಹತ್ತು ವರ್ಷದಿಂದ ಮೇಲಿದ್ದ ಮೊಕ್ಕೈಸಾಮಿ, ಮೊಮ್ಮಗಳ ಶಾಸ್ತ್ರಕ್ಕೆಂದು ಹೆಗಲ ಮೇಲೆ ಹಲಸಿನ ಹಣ್ಣು ಹೊತ್ತು ಬಸ್ಸಿಂದ ಇಳಿದ. ಮೊದಲು ನೋಡಿದ್ದು ಹೂ ಮಾರುವವಳು. ಅವಳು ಮುಖ ನೋಡಿದಳು, ಬ್ಯಾನರ್ ನೋಡಿದಳು, ಆಮೇಲೆ ಅವನ ಪಾದ ನೆಲಕ್ಕೆ ತಾಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದಳು.

ಮುದುಕನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣದು. ಚಿತ್ರ ಕಂಡಿತು. "ಭಲೇ! ನಮ್ಮ ಮೇಘಮಲೆ ಮೋಡಾನೇ ಹಾಕಿದಾರಲ್ಲ! ಯಾರಪ್ಪ ಮಾಡಿದ್ದು?" ಎಂದು ಅಲ್ಲೇ ನಿಂತು ಮೆಚ್ಚಿಕೊಂಡ.

ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಎದೆ ಬಡಿದುಕೊಳ್ಳುವ ಸದ್ದು ಬಂತು. ಅವನ ತಂಗಿ ಕಾತ್ತಾಯಿ. ಅಣ್ಣ ತಂಗಿ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವಳ ಮಗಳ ಮದುವೆಗೆ ಸೋದರಮಾವ ಸೀರೆಯ ತಟ್ಟೆ ಹಿಡಿದು ಮುಂದೆ ನಿಲ್ಲಬೇಕಿತ್ತು, ತಾಳಿ ಕಟ್ಟಿದ ಮೇಲೆ ಬಂದ. ಬಸ್ಸು ಕೆಟ್ಟಿತು ಎಂದ. ಅವಳು ನಂಬಲಿಲ್ಲ. ಈಗ ಬೆಳಿಗ್ಗೆ ಟೌನ್ ಬಸ್ಸಿನ ಕಿಟಕಿಯಿಂದ ಮೋಡ ಕಂಡು, ದೈವತ್ತಿರು ಓದಿ, ಅಲ್ಲೇ ಇಳಿದು, ಸತ್ತವರಿಗೆ ಹೊದಿಸುವ ಹೊಸ ಪಂಚೆ, ಹಾರ ಕೊಂಡುಕೊಂಡು ಬ್ಯಾನರಿನ ಕೆಳಗೆ ಬಂದು ಕುಸಿದಳು.

"ಬೆಟ್ಟದಂಥ ಅಣ್ಣಯ್ಯಾ, ಬಿಟ್ಟು ಹೋದ್ಯಾ! ನಂಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ಕೊಂಡು ಹನ್ನೆರಡು ಮೈಲಿ ನಡೆದ್ಯಲ್ಲಾ! ನಿನ್ನ ಪಾಲಿನ ಗಂಜಿ ನಂಗೆ ಕೊಟ್ಟು ನೀರು ಕುಡಿದು ಮಲಗಿದ್ಯಲ್ಲಾ!"

ಮೊಕ್ಕೈಸಾಮಿ ಗುಂಪಿನ ಹಿಂದೆ ಹಲಸಿನ ಹಣ್ಣು ಹೊತ್ತುಕೊಂಡೇ ನಿಂತ. ಪಕ್ಕದವನನ್ನು ಕೇಳಿದ, "ಯಾರು ಹೋಗಿದ್ದು?"

"ನೀವೇ," ಎಂದ ಅವನು, ಎರಡು ಹೆಜ್ಜೆ ಹಿಂದೆ ಸರಿದು.

ತಕ್ಷಣ ಮುಂದೆ ನುಗ್ಗಿ ಸುಳ್ಳು ಎನ್ನಬೇಕಲ್ಲ? ಮುದುಕ ಅಲ್ಲಾಡಲಿಲ್ಲ. ಒಂಬತ್ತು ವರ್ಷದಿಂದ ಆ ಬಾಯಲ್ಲಿ ಅವನ ಹೆಸರು ಬಂದಿರಲಿಲ್ಲ. ಬಾಯಿ ಬಿಟ್ಟುಕೊಂಡು ಕೇಳುತ್ತ ನಿಂತುಬಿಟ್ಟ.

"ಹೊತ್ತು ಮೀರಿ ಬಂದೆ ಅಂತ ಮಾತು ಬಿಟ್ಟೆನಲ್ಲಾ! ಬಸ್ಸು ಕೆಟ್ರೆ ನೀನೇನು ಮಾಡ್ತೀಯಣ್ಣಾ!"

"ಹಾಂ! ಬಸ್ಸು ಕೆಟ್ಟಿದ್ದು ನಿಜ ಅಂತ ಈಗ ಒಪ್ಕೊಂಡ್ಯಾ?"

ಕಾತ್ತಾಯಿ ತಿರುಗಿದಳು.  ಆಮೇಲೆ ತಂದಿದ್ದ ಹೊಸ ಪಂಚೆಯಿಂದಲೇ ಅಣ್ಣನಿಗೆ ಬಾರಿಸಿದಳು, ತಲೆ, ಬೆನ್ನು, ಹಲಸಿನ ಹಣ್ಣು ಏನನ್ನೂ ಬಿಡಲಿಲ್ಲ. ಬಾರಿಸಿ ಸುಸ್ತಾಗಿ ಅವನ ಎದೆಗೆ ಒರಗಿ ಅತ್ತಳು, ಅವನೂ ಅತ್ತ. ಬಸ್ ನಿಲ್ದಾಣವೆಲ್ಲ ನಕ್ಕಿತು, ಅತ್ತಿತು, ಎರಡನ್ನೂ ಒಟ್ಟಿಗೆ ಮಾಡಿತು. ನೋಡುತ್ತಿದ್ದ ನನಗೆ ಖುಷಿಯೋ ಖುಷಿ. ಮರುಗಳಿಗೆ ನೆನಪಾಯಿತು, ಇವರು ಇಲ್ಲಿಂದ ನೇರ ಅಂಗಡಿಗೇ ಬರುತ್ತಾರೆ.

ನಾನು ಓಡಿ ಬಂದು ಸುದ್ದಿ ಮುಟ್ಟಿಸಿದೆ. ಜಕ್ಕಯ್ಯನ ಮುಖ ಸುಣ್ಣವಾಯಿತು. "ಏ ಹುಡುಗಿ, ಹಿಂದಿನ ಬಾಗಿಲಿಂದ ಹೋಗು. ನಾನು ಎಐ ಮಾಡಿದ್ದು ಅಂತೀನಿ. ಈಗ ಎಲ್ಲರೂ ಎಲ್ಲ ತಪ್ಪನ್ನೂ ಅದರ ತಲೆಗೇ ಕಟ್ತಾರೆ."

 ಪೇಚ್ಚಿ ಕುರ್ಚಿ ಬಿಟ್ಟೇಳಲಿಲ್ಲ. "ತಪ್ಪು ಅದರದ್ದು ಅಂದ್ರೆ, ನಾಳೆ ಚೆನ್ನಾಗಿ ಮಾಡಿದ್ದೂ ಅದರದ್ದೇ ಆಗುತ್ತಲ್ಲಣ್ಣ?"

ಬಾಗಿಲಲ್ಲಿ ಜನ ತುಂಬಿತು. ಮುಂದೆ ಮೊಕ್ಕೈಸಾಮಿ, ಪಕ್ಕದಲ್ಲಿ ಕಾತ್ತಾಯಿ, ಹಿಂದೆ ಪಂಚೆ ಎತ್ತಿ ಕಟ್ಟಿ ಕುದಿಯುತ್ತಿದ್ದ ಪವುನ್‌ರಾಜ.

"ನನ್ನ ಮೇಲಕ್ಕೆ ಕಳಿಸಿದ್ದು ಯಾರು?" ಎಂದ ಮುದುಕ.

"ನಾನೇ ತಾತ. ಫೋನಲ್ಲಿ ಕೇಳಿದೆ, ಪೂರ್ತಿ ಕೇಳಲಿಲ್ಲ. ತಪ್ಪು ನಂದೇ."

ನನ್ನ ಕಡೆ ಅವಳು ಕಣ್ಣು ಕೂಡ ಹಾಯಿಸಲಿಲ್ಲ. ನಾನು ಕೆಂಪು ಪೆನ್ನನ್ನು ಜೇಬಿಗೆ ಇಳಿಸುತ್ತಿದ್ದೆ. ಎಂಥ ನಾಚಿಕೆಗೇಡು! ಎದ್ದು ನಿಂತೆ. "ಅವಳು ಮೋಡಕ್ಕೆ ಹತ್ತಿಸಿದಳು ಅಷ್ಟೇ. ದೈವತ್ತಿರು ಅಂತ ಬರೆದು ಬಾಗಿಲು ಹಾಕಿದವನು ನಾನು."

"ನಮ್ಮಪ್ಪನ್ನ ಇಬ್ಬರು ಸೇರಿ ಕೊಂದಿದ್ದೀರಾ!" ಎಂದು ಪವುನ್‌ರಾಜ ತೋಳೇರಿಸಿದ.

"ನೀನು ಸುಮ್ನಿರೋ," ಎಂದ ಅಪ್ಪ. "ಮೇಲಿದಾರೆ, ಹೊರಟುಬಿಟ್ರು ಅಂತ ಫೋನಲ್ಲಿ ಒದರಿದ್ದು ಯಾವ ಬಾಯಿ? ಮೂರು ಜನ ಅನ್ನು." ಆಮೇಲೆ ಪೇಚ್ಚಿಯ ಕಡೆ ತಿರುಗಿದ. "ಮಗಳೇ, ಮೋಡ ಮುಟ್ಟಬೇಡ. ಅದು ನನ್ನ ಮನೆ. ಆ ಮುಂದಿನ ಮಾತೊಂದನ್ನ ಮಾತ್ರ ತೆಗೆದುಬಿಡು."

ಕಾತ್ತಾಯಿ ಮುಂದೆ ಬಂದಳು. "ಐವತ್ನಾಲ್ಕು ತಲೇಲಿ ನಾನೆಲ್ಲಿ?"

 ಪವುನ್‌ರಾಜ ನೆಲ ನೋಡಿದ. ಪೇಚ್ಚಿ ಎದ್ದು, ಮುದುಕಿಯ ಕೈ ಹಿಡಿದು ಗೋಡೆಗೆ ನಿಲ್ಲಿಸಿ, ಫೋನ್ ಎತ್ತಿದಳು. "ಕಣ್ಣೊರೆಸ್ಕೊಳ್ಳಿ ಅಜ್ಜಿ, ಕೆಂಪಗಿದೆ."

"ಕಣ್ಣು ಹಾಗೇ ಇರಲಿ. ಮುಖ ಮಾತ್ರ ಸ್ವಲ್ಪ ಬೆಳ್ಳಗೆ ಮಾಡು."

ಮಧ್ಯಾಹ್ನದೊಳಗೆ ಎರಡು ತುಂಡು ಅಚ್ಚಾದವು. ಪೇಚ್ಚಿ ತಾನೇ ಏಣಿ ಹತ್ತಿದಳು. ದೈವತ್ತಿರು ಇದ್ದ ಕಡೆ ‘ಮೇಘಮಲೆ’ ಎಂದು ಅಂಟಿಸಿದಳು. ಪಕ್ಕದ ಮೋಡದಲ್ಲಿ ಕಾತ್ತಾಯಿಯನ್ನು ಕೂರಿಸಿದಳು. ಕೆಳಗೆ ಅಣ್ಣ ತಂಗಿ ಹಲಸಿನ ತೊಳೆ ತಿನ್ನುತ್ತ "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಕೂಗುತ್ತಿದ್ದರು. ಕಾಸಿಮಾಯ ಮಂಡಿಯಿಂದ ಬಂದು ಗೊನೆ ಇಳಿಸಿ ಏಣಿ ಹಿಡಿದುಕೊಂಡ.

ಸೋಮವಾರ ಜಕ್ಕಯ್ಯ ಕರಾರಿನ ಮಾತು ತೆಗೆದ. "ಮೂರು ದಿನ ಎಲ್ಲಿ? ಮೂರು ಗಂಟೆಯೊಳಗೇ ಜಗಳಕ್ಕೆ ಬಂದ್ರು."

"ಬಂದ ಜಗಳ ಒಂದು ಗಂಟೆದು. ಮುಗಿದ ಜಗಳ ಒಂಬತ್ತು ವರ್ಷದ್ದು. ಲೆಕ್ಕ ಹಾಕಿ ಹೇಳೋ," ಎಂದೆ ನಾನು. ಅವನು ಪ್ರಿಂಟರ್ ಒರೆಸತೊಡಗಿದ.  ಪೇಚ್ಚಿ ಎರಡು ದಿನ ತಲೆ ಬಗ್ಗಿಸಿ ತಲೆ ಕತ್ತರಿಸಿದಳು. 

ಬುಧವಾರ ಕಾತ್ತಾಯಿ ಬಂದಳು. ಅವಳ ಮೊಮ್ಮಗನಿಗೂ ಕಿವಿ ಚುಚ್ಚಬೇಕಿತ್ತು. "ಆ ಹುಡುಗಿ ಮಾಡೋದಾದ್ರೆ ಕೊಡ್ತೀನಿ. ಬೇರೆಯವರು ಕೈ ಹಾಕಿದ್ರೆ ಕಂಬಂ ಊರಿಗೆ ಹೋಗ್ತೀನಿ," ಎಂದಳು. ಕಂಬಂನ ಬ್ಯಾನರ್ ಅಂಗಡಿಯವನೆಂದರೆ ಜಕ್ಕಯ್ಯನಿಗೆ ಮೈಯೆಲ್ಲ ಉರಿ. ಗೋಡೆ ನೋಡಿಕೊಂಡು ಗೊಣಗಿದ, "ಹಾಕ್ಕೋ ಹೋಗು, ನಿನ್ನ ಹೆಸರೇ ಹಾಕ್ಕೋ."

ಪೇಚ್ಚಿ ಕೂಗಲಿಲ್ಲ, ಕುಣಿಯಲಿಲ್ಲ. ಕಾತ್ತಾಯಿಯನ್ನು ಪಕ್ಕ ಕೂರಿಸಿಕೊಂಡು ಒಂದೊಂದು ಫೋಟೋ ತೋರಿಸಿ ಕೇಳಿದಳು. "ಅಜ್ಜಿ, ಇವರು ಉಸಿರಾಡ್ತಿದಾರಾ? ಇವತ್ತು ಬೆಳಿಗ್ಗೆ ಯಾರಾದ್ರೂ ನೋಡಿದಾರಾ?" ಅರವತ್ತೊಂದು ತಲೆಗೂ ಕೇಳಿದಳು.

ಸಂಜೆ ಹಾಳೆ ನನ್ನ ಕೈಗೆ ಬಂತು. ಮೇಲಿಂದ ಕೆಳಗೆ ನೋಡಿದೆ. ಎಲ್ಲ ಸರಿ. ಬಲಮೂಲೆಗೆ ಬಂದೆ. ಅಕ್ಕಿಕಾಳಿನಷ್ಟು ಅಕ್ಷರದಲ್ಲಿ ‘ವಿನ್ಯಾಸ’ ಎಂದಿತ್ತು, ಮುಂದೆ ಅವಳ ಹೆಸರು, ‘ಮುತ್ತುಪೇಚ್ಚಿ’ ಎಂದು. ಸಂಭ್ರಮದಲ್ಲಿ ಹುಡುಗಿ ನಡುವಿನ ‘ಪ್’ ಅನ್ನೇ ನುಂಗಿಬಿಟ್ಟಿದ್ದಳು. ಇಡೀ ಊರಿನ ಹೆಸರುಗಳನ್ನು ಸರಿಯಾಗಿ ಬರೆದವಳು ತನ್ನ ಹೆಸರನ್ನೇ ತಪ್ಪು ಬರೆದಿದ್ದಳು. ಮುಖ ಗಂಟಿಕ್ಕಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದಿದೆ. ಇಷ್ಟು ವರ್ಷದಲ್ಲಿ ನಾನು ತಿದ್ದಿದ ತಪ್ಪುಗಳಲ್ಲೆಲ್ಲ ನನಗೆ ಮುತ್ತು ಕೊಡಬೇಕೆನಿಸಿದ್ದು ಅದೊಂದಕ್ಕೇ.